ಗೇನ್ ಹೆಚ್ಚಿಸಿದರೆ ಸಿಸ್ಟಮ್ ತೂಗಾಡುವುದು ಯಾಕೆ?

ಪ್ರಶ್ನೆ: ಫೀಡ್‌ಬ್ಯಾಕ್ ಇರುವುದೇ ತಪ್ಪು ತಿದ್ದಲಿಕ್ಕೆ. ಗೇನ್ ಏರಿಸಿದಷ್ಟೂ ತಪ್ಪು ಬೇಗ ಹೋಗಬೇಕಲ್ಲವೇ? ನಮ್ಮ ಲ್ಯಾಬಿನಲ್ಲಿ ಗೇನ್ ಏರಿಸಿದ ಕೂಡಲೇ ಔಟ್‌ಪುಟ್ ಮೇಲೆ ಕೆಳಗೆ ಕುಣಿಯುತ್ತದೆ. ಯಾಕೆ?
– ಡಿಪ್ಲೊಮಾ ವಿದ್ಯಾರ್ಥಿ, ಗದಗ

ಫೀಡ್‌ಬ್ಯಾಕ್ ಅಂದರೆ ಔಟ್‌ಪುಟ್ ಅಳೆದು, ಅದರ ತಪ್ಪು ನೋಡಿ ತಿದ್ದುವುದು. ಅಳೆದ ತಪ್ಪಿಗೆ ಎಷ್ಟು ಪಟ್ಟು ತಿದ್ದುತ್ತೀರಿ ಎಂಬುದೇ ಗೇನ್. ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಒಂದೇ. ತಿದ್ದುವ ಕೆಲಸದ ಕಂಟ್ರೋಲರ್‌ಗೆ ತಲುಪುವ ಸುದ್ದಿ ಯಾವಾಗಲೂ ಒಂದಿಷ್ಟು ಹಳೆಯದು.

ಕಾಗದದ ಮೇಲೆ ಮಾಡಿ ನೋಡಿ. ಟೆಂಪರೇಚರ್ ಬೇಕಾದ್ದಕ್ಕಿಂತ 10 ಡಿಗ್ರಿ ಹೆಚ್ಚಿದೆ, ಅದೇ ತಪ್ಪು. ಪ್ರತಿ ಸುತ್ತಿನಲ್ಲೂ ಅಳೆದ ತಪ್ಪನ್ನು ಪೂರ್ತಿ ಕಳೆಯುತ್ತೀರಿ, ಅಂದರೆ ಗೇನ್ 1. ಅಳತೆ ತಾಜಾ ಇದ್ದರೆ ಮುಂದಿನ ಸುತ್ತಿಗೇ ತಪ್ಪು ಸೊನ್ನೆ. ಈಗ ಅಳತೆ ಒಂದು ಸುತ್ತು ತಡವಾಗಿ ಬರುತ್ತದೆ ಅಂದುಕೊಳ್ಳಿ. ಮೊದಲ ಎರಡು ಸುತ್ತು ತಪ್ಪು 10, 10. ಮೂರನೆಯದರಲ್ಲಿ 10 ಕಳೆದು 0. ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಕಂಟ್ರೋಲರ್ ಓದುತ್ತಿರುವುದು ಹಿಂದಿನ ಸುತ್ತಿನ 10! ಅದು ಮತ್ತೆ 10 ಕಳೆಯುತ್ತದೆ: −10. ಮುಂದೆ −10, 0, 10, 10, 0… ಎಷ್ಟು ಸುತ್ತು ಹೋದರೂ ಇದೇ. ಗೇನ್ 0.5 ಇಟ್ಟರೆ 10, 10, 5, 0, −2.5, −2.5, −1.25, 0 ಎಂದು ತಣ್ಣಗಾಗುತ್ತ ಹೋಗುತ್ತದೆ. 1 ದಾಟಿದರೆ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ತಾಜಾ ಅಳತೆಗೆ ಹೇಳಿ ಮಾಡಿಸಿದಂತಿದ್ದ ಗೇನ್ 1, ಒಂದೇ ಸುತ್ತಿನ ತಡದಿಂದ ಹೀಗೆ ಕೆಟ್ಟಿತು.

ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ನಿಲ್ಲಿಸಬೇಕೆಂದರೆ ಅದು ನಿಮ್ಮತ್ತ ಬರುವಾಗ ಎದುರಿಗೆ ಕೈ ಕೊಡಬೇಕು. ಅದೇ ಕೈ, ಅದೇ ಬಲ, ಅರ್ಧ ತೂಗು ತಡವಾದರೆ ಜೋಕಾಲಿ ಆಗಲೇ ಆಚೆ ಹೊರಟಿರುತ್ತದೆ. ತಡೆಯಲು ಚಾಚಿದ ಕೈಯೇ ಅದನ್ನು ಇನ್ನಷ್ಟು ಎತ್ತರಕ್ಕೆ ನೂಕುತ್ತದೆ. ಒಂದು ಪೂರ್ತಿ ತೂಗನ್ನು 360 ಡಿಗ್ರಿ ಅಂತ ಎಣಿಸಿದರೆ, ನಿಮ್ಮ ಪುಸ್ತಕದಲ್ಲಿ 180 ಡಿಗ್ರಿ ಫೇಸ್ ಲ್ಯಾಗ್ ಅಂತ ಇರುವುದು ಈ ಅರ್ಧ ತೂಗಿನ ತಡವೇ. ಅಷ್ಟು ಲ್ಯಾಗ್ ಬರುವ ಫ್ರೀಕ್ವೆನ್ಸಿಯಲ್ಲಿ (ತೂಗುವ ವೇಗದಲ್ಲಿ) ಇಡೀ ಲೂಪಿನ, ಅಂದರೆ ಅಳೆದು ತಿದ್ದುವ ಪೂರ್ತಿ ಸುತ್ತಿನ, ಗೇನ್ 1ಕ್ಕಿಂತ ಕೆಳಗಿದ್ದರೆ, ಸಾಮಾನ್ಯ ಲೂಪುಗಳಲ್ಲಿ ತೂಗಾಟ ತಾನಾಗಿ ಸಾಯುತ್ತದೆ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಇದನ್ನು ಗಣಿತದ ಕಟ್ಟಿಗೆ ತಂದರು. ಲೂಪಿನ ಗೇನ್ ಸರಿಯಾಗಿ 1 ಆಗುವ ಫ್ರೀಕ್ವೆನ್ಸಿಯಲ್ಲಿ ಲ್ಯಾಗ್ 180 ಡಿಗ್ರಿ ಮುಟ್ಟಲು ಇನ್ನೂ ಎಷ್ಟು ಬಾಕಿ ಇದೆ ಎಂಬುದೇ ಫೇಸ್ ಮಾರ್ಜಿನ್; ಡಿಸೈನ್ ಮಾಡುವವರು ಸಾಮಾನ್ಯವಾಗಿ 45ರಿಂದ 60 ಡಿಗ್ರಿ ಉಳಿಸಿಕೊಳ್ಳುತ್ತಾರೆ.

ಇದು ನನಗೆ ಮನಸ್ಸಿಗೆ ಇಳಿದದ್ದು ಹುಬ್ಬಳ್ಳಿಯ ತಾರಿಹಾಳದ ಒಂದು ಪೈಪ್ ಕಾರ್ಖಾನೆಯಲ್ಲಿ. ಪ್ಲಾಸ್ಟಿಕ್ ಕರಗಿಸಿ ನೂಕುವ ಎಕ್ಸ್‌ಟ್ರೂಡರ್ ಯಂತ್ರದ ಬ್ಯಾರಲ್ಲಿನ ಒಂದು ಝೋನ್ 190 ಡಿಗ್ರಿಗೆ ಸೆಟ್ ಆಗಿತ್ತು. ಡಿಸ್‌ಪ್ಲೇಯಲ್ಲಿ ಅಂಕಿ 181ಕ್ಕೆ ಇಳಿಯುವುದು, 199ಕ್ಕೆ ಏರುವುದು. “ನಿನ್ನಿಯಿಂದ ಹಿಂಗ ನಡದೈತ್ರಿ ಸರ, ಒಂದ ಕಡಿ ನಿಲ್ಲವಲ್ದು” ಅಂದ ಆಪರೇಟರ್. ನಾನು ಗೇನ್ ಇಳಿಸಿದೆ. ತೂಗಾಟ ನಿಂತಿತು, ಆದರೆ ಸ್ಕ್ರೂ ವೇಗ ಬದಲಿಸಿದಾಗಲೆಲ್ಲ ಟೆಂಪರೇಚರ್ ಸರಿಹೋಗಲು ಅರ್ಧ ತಾಸು ಹಿಡಿಯತೊಡಗಿತು. ಆಮೇಲೆ ಬ್ಯಾರಲ್ ಹತ್ತಿರ ಕೂತು ನೋಡಿದರೆ, ಕಾವು ಅಳೆಯುವ ಥರ್ಮೋಕಪಲ್ಲಿನ ಸ್ಪ್ರಿಂಗ್ ಸಡಿಲಾಗಿ ತುದಿ ತೂತಿನ ತಳ ಬಿಟ್ಟು ಮೇಲೆ ಬಂದಿತ್ತು. ನಡುವೆ ಬೆರಳ ಉಗುರಿನಷ್ಟು ಗಾಳಿ. ಕಬ್ಬಿಣ ಕಾದ ಸುದ್ದಿ ಆ ಗಾಳಿ ದಾಟಿ ಬರುವಷ್ಟರಲ್ಲಿ ಹೀಟರ್ ಬೇಕಾದ್ದಕ್ಕಿಂತ ಹೆಚ್ಚು ಉರಿದಿರುತ್ತಿತ್ತು. ತುದಿಯನ್ನು ತಳಕ್ಕೆ ಒತ್ತಿ ಕೂರಿಸಿ ಹಳೆಯ ಗೇನನ್ನೇ ವಾಪಸು ಹಾಕಿದೆ. ಅಂಕಿ 189, 190ರಲ್ಲಿ ನಿಂತಿತು. ಅಂದಿನಿಂದ ಸೆನ್ಸರ್ ಮುಟ್ಟಿ ನೋಡದೆ ಸೆಟ್ಟಿಂಗ್ ಮುಟ್ಟುವುದಿಲ್ಲ.

ಹಾಗಾದರೆ ಗೇನ್ ಎಷ್ಟಿಡಬೇಕು? ತೀರಾ ಕಡಿಮೆ ಇಟ್ಟರೆ ಸೆಟ್ ಪಾಯಿಂಟಿಗೆ (ಬೇಕಾದ ಅಂಕಿಗೆ) ಮುಟ್ಟದೆ ಒಂದಿಷ್ಟು ದೂರದಲ್ಲೇ ನಿಲ್ಲುತ್ತದೆ. ಆ ಉಳಿಕೆಯನ್ನು, ತಪ್ಪನ್ನು ಕೂಡಿಸುತ್ತ ಹೋಗುವ ಇಂಟಿಗ್ರಲ್ ಭಾಗ ತೆಗೆಯುತ್ತದೆ, ಆದರೆ ತನ್ನದೂ ಒಂದಿಷ್ಟು ಲ್ಯಾಗ್ ಸೇರಿಸುತ್ತದೆ. ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಎಂದು ನೋಡುವ ಡೆರಿವೇಟಿವ್ ಭಾಗ ಮುಂದಾಗಿ ಎಚ್ಚರಿಸುತ್ತದೆ, ಆದರೆ ಸೆನ್ಸರಿನ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಎಂಜಿನಿಯರುಗಳು 1942ರಲ್ಲಿ ಕೊಟ್ಟ ದಾರಿ ಇಂದಿಗೂ ಚಾಲ್ತಿಯಲ್ಲಿದೆ: ಬರೀ ಪ್ರೊಪೋರ್ಷನಲ್ (ತಪ್ಪಿಗೆ ತಕ್ಕಷ್ಟು ತಿದ್ದುವ ಭಾಗ) ಇಟ್ಟುಕೊಂಡು, ತೂಗಾಟ ಬೆಳೆಯದೆ ಕುಗ್ಗದೆ ಒಂದೇ ಸಮ ನಡೆಯುವವರೆಗೆ ಗೇನ್ ಏರಿಸಿ. ಆ ಗೇನ್ ಮತ್ತು ಒಂದು ತೂಗಿಗೆ ಹಿಡಿಯುವ ಸಮಯ ಬರೆದುಕೊಳ್ಳಿ. ಪಿಐ (ಪ್ರೊಪೋರ್ಷನಲ್ ಮತ್ತು ಇಂಟಿಗ್ರಲ್ ಎರಡೂ ಇರುವ) ಕಂಟ್ರೋಲರ್ ಆದರೆ ಗೇನ್‌ಗೆ ಆ ಗೇನಿನ 0.45 ಪಾಲು, ಇಂಟಿಗ್ರಲ್ ಟೈಮ್ ಎಂಬ ಸೆಟ್ಟಿಂಗಿಗೆ ಆ ಸಮಯವನ್ನು 1.2ರಿಂದ ಭಾಗಿಸಿದ್ದು. ನನ್ನ ಅನುಭವದಲ್ಲಿ ಟೆಂಪರೇಚರ್ ಲೂಪಿಗೆ ಇದು ಬಿರುಸು. ಇನ್ನೂ ಕೆಳಗಿನಿಂದ ಶುರುಮಾಡುತ್ತೇನೆ.

ಒಂದು ಎಚ್ಚರ. ಅನೇಕ ಟೆಂಪರೇಚರ್ ಕಂಟ್ರೋಲರ್‌ಗಳಲ್ಲಿ ‘ಪಿ’ ಅಂದರೆ ಗೇನ್ ಅಲ್ಲ, ಪ್ರೊಪೋರ್ಷನಲ್ ಬ್ಯಾಂಡ್, ಅಂದರೆ ಔಟ್‌ಪುಟ್ ಸೊನ್ನೆಯಿಂದ ಪೂರ್ತಿಗೆ ಏರಲು ಬೇಕಾದ ತಪ್ಪಿನ ಅಗಲ. ಅಲ್ಲಿ ಅಂಕಿ ಏರಿಸಿದರೆ ಗೇನ್ ಇಳಿಯುತ್ತದೆ. ಮ್ಯಾನುಯಲ್ ನೋಡಿಯೇ ಮುಂದುವರಿಯಿರಿ.

ಲ್ಯಾಬಿನಲ್ಲಿ ಮುಂದಿನ ಸಲ ಲೂಪ್ ಬಿಚ್ಚಿಟ್ಟು (ಕಂಟ್ರೋಲರ್ ತಿದ್ದದಂತೆ ಮಾಡಿ), ಹೀಟರಿಗೋ ಮೋಟರಿಗೋ ಒಮ್ಮೆಲೇ ಒಂದಿಷ್ಟು ಹೆಚ್ಚಿಗೆ ಕೊಡಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಅಳತೆ ಮೊದಲ ಸಲ ಅಲುಗಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಬರೆದಿಡಿ. ಆಮೇಲೆ ಸೆನ್ಸರನ್ನು ಬೇಕೆಂದೇ ಸ್ವಲ್ಪ ದೂರ ಸರಿಸಿ, ಅದೇ ಗೇನಿನಲ್ಲಿ ಲೂಪ್ ಮುಚ್ಚಿ ನೋಡಿ.