ಸಸ್ಪಿಷಸ್: ಅನುಮಾನ ಯಾರದ್ದು, ಯಾರ ಮೇಲೆ?

‘ಸಸ್ಪಿಷಸ್’ ಪದಕ್ಕೆ ‘ಅನುಮಾನ’ ಅಂತ ಒಂದೇ ಅರ್ಥ ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಒಮ್ಮೆ ಗೆಳೆಯನೊಬ್ಬನ ಬಗ್ಗೆ ಮಾತು ಬಂತು. ಅವನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಆ ಅರ್ಥದಲ್ಲಿ ‘ಹೀ ಈಸ್ ಸಸ್ಪಿಷಸ್’ ಅಂದೆ. ಎದುರಿಗಿದ್ದವರು ಗಾಬರಿಯಿಂದ, ‘ಯಾಕೆ, ಏನು ಮಾಡಿದ?’ ಅಂತ ಕೇಳಿದರು. ಅವನು ಅನುಮಾನ ಪಡುತ್ತಾನೆ ಅಂತ ನಾನು ಹೇಳಿದ್ದೆ. ಅವನ ಮೇಲೇ ಅನುಮಾನ ಇದೆ ಅಂತ ಅವರಿಗೆ ಕೇಳಿಸಿತ್ತು.

ಈ ಪದಕ್ಕೆ ಎರಡೂ ಅರ್ಥ ಇವೆ. ಕನ್ನಡದಲ್ಲಿ ನಮಗೆ ಬೇರೆ ಬೇರೆ ಪದ ಉಂಟು. ಸದಾ ಅನುಮಾನ ಪಡುವವರನ್ನು ಸಂಶಯ ಪಿಶಾಚಿ ಅಂತೀವಿ. ಅನುಮಾನ ಹುಟ್ಟಿಸುವುದನ್ನು ಅನುಮಾನಾಸ್ಪದ ಅಂತೀವಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಇದೆಯಲ್ವಾ? ಹೆಗಲು ಮುಟ್ಟಿಕೊಂಡವನ ನಡವಳಿಕೆ ಸಸ್ಪಿಷಸ್. ಅದನ್ನು ನೋಡಿ ಹುಬ್ಬೇರಿಸಿದವರೂ ಸಸ್ಪಿಷಸ್.

ಹಾಗಾದರೆ ಯಾವ ಅರ್ಥ ಅಂತ ಗುರುತಿಸುವುದು ಹೇಗೆ? ಮೊದಲು ‘ಆಫ್’ ಇದೆಯಾ ನೋಡಿ. ‘ಶೀ ಈಸ್ ಸಸ್ಪಿಷಸ್ ಆಫ್ ಸ್ಟ್ರೇಂಜರ್ಸ್’ ಅಂದರೆ ಅವಳಿಗೆ ಅಪರಿಚಿತರನ್ನು ಕಂಡರೆ ನಂಬಿಕೆ ಇಲ್ಲ. ಒಂದು ಸಂಗತಿಯ ಬಗ್ಗೆ ಹೇಳುವಾಗ ‘ಅಬೌಟ್’ ಕೂಡ ಬರುತ್ತದೆ. ಅವನ ‘ಮೇಲೆ’ ಅನುಮಾನ ಅನ್ನೋ ನಮ್ಮ ಅಭ್ಯಾಸದಿಂದ ‘ಸಸ್ಪಿಷಸ್ ಆನ್ ಹಿಮ್’ ಅಂತ ಬಾಯಿಗೆ ಬರುತ್ತದೆ. ಅದು ತಪ್ಪು.

‘ದಿಸ್ ಇಮೇಲ್ ಲುಕ್ಸ್ ಸಸ್ಪಿಷಸ್’ ಅನ್ನುವಲ್ಲಿ ಗೊಂದಲವೇ ಇಲ್ಲ. ಇಮೇಲ್ ಯಾರನ್ನೂ ಅನುಮಾನಿಸಲಾರದು, ಹಾಗಾಗಿ ಎರಡನೇ ಅರ್ಥವೇ. ‘ಸಸ್ಪಿಷಸ್ ಡೆತ್’, ಅಂದರೆ ಪತ್ರಿಕೆಗಳ ಅನುಮಾನಾಸ್ಪದ ಸಾವು, ಇದೂ ಹಾಗೆಯೇ. ಆದರೆ ‘ಸಸ್ಪಿಷಸ್ ಮೈಂಡ್’ ಅಂದರೆ ಅನುಮಾನ ಪಡುವ ಮನಸ್ಸು. ‘ಹೀ ಗೇವ್ ಮಿ ಎ ಸಸ್ಪಿಷಸ್ ಲುಕ್’ ಅಂದರೆ ಅವನು ನನ್ನನ್ನು ಅನುಮಾನದಿಂದ ನೋಡಿದ. ಇನ್ನು ಮನುಷ್ಯರ ಬಗ್ಗೆ ಸುಮ್ನೆ ‘ಸಸ್ಪಿಷಸ್ ಮ್ಯಾನ್’ ಅಂದರೆ ಕೇಳುವವರ ಮನಸ್ಸು ಸಾಮಾನ್ಯವಾಗಿ ಕೆಟ್ಟ ಅರ್ಥದ ಕಡೆಗೇ ಹೋಗುತ್ತದೆ. ನನ್ನ ಗೆಳೆಯನಿಗೆ ಆದದ್ದೂ ಅದೇ. ಅಲ್ಲಿ ‘ಸಸ್ಪಿಷಸ್ ಆಫ್ ಎವ್ರಿಥಿಂಗ್’ ಅಂದಿದ್ದರೆ ಸರಿಹೋಗುತ್ತಿತ್ತು.

ಪದದ ಮೂಲ ಲ್ಯಾಟಿನ್. ‘ಸಬ್’ ಅಂದರೆ ಕೆಳಗೆ, ‘ಸ್ಪೆಕೆರೆ’ ಅಂದರೆ ನೋಡು. ತಲೆ ಎತ್ತದೆ ಕೆಳಗಿನಿಂದ ಕಳ್ಳನೋಟ ಬೀರುವ ಚಿತ್ರ ಕಣ್ಣಿಗೆ ಬರುತ್ತದೆ. ಇನ್ಸ್‌ಪೆಕ್ಟ್, ರೆಸ್ಪೆಕ್ಟ್, ಸ್ಪೆಕ್ಟೇಟರ್ ಎಲ್ಲವೂ ಇದೇ ‘ನೋಡು’ ಬೇರಿನವು. ಒಟ್ಟಿಗೆ ಕಲಿತರೆ ನೆನಪಲ್ಲಿ ಉಳಿಯುತ್ತವೆ.

ಈಗ ನಾವು ಜಾಸ್ತಿ ಎಡವುವ ಜಾಗ. ‘ಅವನು ಸುಳ್ಳು ಹೇಳ್ತಿದ್ದಾನೆ ಅಂತ ನಂಗೆ ಡೌಟು’ ಅಂತೀವಿ. ಇದನ್ನೇ ಇಂಗ್ಲಿಷಿಗೆ ತಂದು ‘ಐ ಡೌಟ್ ಹೀ ಈಸ್ ಲೈಯಿಂಗ್’ ಅಂದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ ಅಂತಾಗುತ್ತದೆ! ನಮ್ಮ ಮನಸ್ಸಿನಲ್ಲಿರುವುದು ‘ಐ ಸಸ್ಪೆಕ್ಟ್ ಹೀ ಈಸ್ ಲೈಯಿಂಗ್’. ‘ಡೌಟ್’ ಇಲ್ಲ ಅನ್ನುವ ಕಡೆ ವಾಲುತ್ತದೆ, ‘ಸಸ್ಪೆಕ್ಟ್’ ಇರಬಹುದು ಅನ್ನುವ ಕಡೆ. ನನಗೆ ಇಲ್ಲಿ ನೆರವಾದದ್ದು ನಮ್ಮ ‘ಅನುಮಾನ’ ಪದವೇ. ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ಊಹಿಸಿ ತಿಳಿಯುವುದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ತಿಳಿಯುತ್ತೇವಲ್ಲ, ಹಾಗೆ. ‘ಸಸ್ಪೆಕ್ಟ್’ ತರ್ಕದಷ್ಟು ಖಚಿತವಲ್ಲ, ಆದರೆ ಅದೂ ಹೊಗೆ ನೋಡಿ ಬೆಂಕಿಯ ಕಡೆಗೇ ಹೋಗುತ್ತದೆ.

ಹತ್ತಿರದ ಪದಗಳನ್ನೂ ನೋಡಿಬಿಡೋಣ. ‘ಡಿಸ್ಟ್ರಸ್ಟ್‌ಫುಲ್’ ಅಂದರೆ ನಂಬಿಕೆ ಇಲ್ಲದವರು ಮಾತ್ರ, ಅದಕ್ಕೆ ಎರಡನೇ ಮುಖ ಇಲ್ಲ. ‘ಸ್ಕೆಪ್ಟಿಕಲ್’ ಸಾಮಾನ್ಯವಾಗಿ ಒಂದು ಹೇಳಿಕೆಯನ್ನೋ ವಾದವನ್ನೋ ಒಪ್ಪದವರಿಗೆ. ಅಪಾಯಕ್ಕೆ ಹೆದರಿ ಹುಷಾರಾಗಿರುವವರು ‘ವೇರಿ’ (wary).

ಹೇಳುವಾಗ ಒತ್ತು ನಡುವಿನ ‘ಸ್ಪಿ’ ಮೇಲೆ. ‘ಸಸ್ಪೀಶಿಯಸ್’ ಅಂತ ಎಳೆಯಬೇಡಿ.

‘ಸಸ್ಪಿಷಸ್‌ಲಿ’ ನನಗೆ ತುಂಬಾ ಇಷ್ಟ. ಅದಕ್ಕೂ ಎರಡು ಮುಖ. ‘ಶೀ ಲುಕ್ಡ್ ಅಟ್ ಮಿ ಸಸ್ಪಿಷಸ್‌ಲಿ’ ಅಂದರೆ ಅನುಮಾನ ಅವಳದ್ದು. ‘ದ ಚಿಲ್ಡ್ರನ್ ಆರ್ ಸಸ್ಪಿಷಸ್‌ಲಿ ಕ್ವಾಯಟ್’ ಅಂದರೆ ಮಕ್ಕಳ ಸದ್ದೇ ಇಲ್ಲ, ಒಳಗೆ ಏನೋ ನಡೀತಿದೆ, ಹೋಗಿ ನೋಡಬೇಕು.