ಕಬ್ಬಿನ ಹೊಲದಲ್ಲಿ ಗಾಲಿ ಜಾರುತ್ತದೆ, ಕೇಜ್ ವೀಲ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಮುಧೋಳ ಹತ್ತಿರ ಎರಿ (ಕಪ್ಪು ಮಣ್ಣಿನ) ಹೊಲ. ಕಬ್ಬು ಕಡಿಯುವ ಹೊತ್ತಿಗೆ ಮಳೆ ಬಿದ್ದರೆ ಟ್ರ್ಯಾಕ್ಟರ್‌ನ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ. ತುಂಬಿದ ಟ್ರೇಲರ್ ಮುಂದಕ್ಕೆ ಬರುವುದೇ ಇಲ್ಲ. ಕಬ್ಬಿಣದ ಕೇಜ್ ವೀಲ್ (ಅಡ್ಡ ಪಟ್ಟಿಗಳಿರುವ ಪಂಜರದಂಥ ಗಾಲಿ) ಹಾಕಿಸಿ ಅಂತ ಕೆಲವರು ಹೇಳುತ್ತಾರೆ. ಹಾಕಿಸಬೇಕಾ?

ಉತ್ತರ: ಕಬ್ಬು ಸಾಗಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ ಬೇಡ. ದುಡ್ಡೂ ಹೋಗುತ್ತದೆ, ತೊಂದರೆಯೂ ತಪ್ಪುವುದಿಲ್ಲ.

ಕೇಜ್ ವೀಲ್ ಇರುವುದು ಭತ್ತದ ಗದ್ದೆಗೆ. ಸಿಂಧನೂರು, ಗಂಗಾವತಿ ಕಡೆ ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿ ಕೆಸರು ಮಾಡುತ್ತಾರೆ. ಅಲ್ಲೂ ಎಷ್ಟೋ ಕಡೆ ಎರಿ ಮಣ್ಣೇ, ಹಾಗಾದರೆ ಅಲ್ಲಿ ನಡೆಯುವುದು ಇಲ್ಲಿ ಯಾಕೆ ನಡೆಯುವುದಿಲ್ಲ? ನೀರು. ಅಲ್ಲಿ ಗಾಲಿಯ ಪಟ್ಟಿಗೆ ಮೆತ್ತಿದ ಮಣ್ಣನ್ನು ನಿಂತ ನೀರು ತೊಳೆಯುತ್ತಾ ಇರುತ್ತದೆ. ನಿಮ್ಮ ಹೊಲದಲ್ಲಿ ನೀರು ನಿಂತಿಲ್ಲ, ಮಣ್ಣು ಬರೀ ಹಸಿ. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಇಂಥ ಹದದಲ್ಲಿ ಪಟ್ಟಿಗಳ ನಡುವೆ ಮಣ್ಣು ತುಂಬಿಕೊಂಡು ಬಿಡುತ್ತದೆ. ಆಮೇಲೆ ಅದು ಹಿಡಿತ ಕೊಡುವುದಿಲ್ಲ, ಸುಮ್ನೆ ಭಾರ.

ಇನ್ನು ರಸ್ತೆ. ಕಬ್ಬು ಹೊಲದಿಂದ ನೇರ ಕಾರ್ಖಾನೆಗೆ ಹೋಗಬೇಕು. ಕಬ್ಬಿಣದ ಗಾಲಿ ಡಾಂಬರನ್ನು ಕಿತ್ತು ಹಾಕುತ್ತದೆ, ಅದನ್ನು ರಸ್ತೆಗೆ ಇಳಿಸುವುದು ಕಾನೂನಿಗೂ ವಿರುದ್ಧ. ಪ್ರತಿ ಲೋಡಿಗೂ ಬಿಚ್ಚಿ, ಹಾಕಿ ಮಾಡುವುದು ಆಗುವ ಮಾತಲ್ಲ ಅಲ್ವಾ?

ಹಾಗಾದರೆ ಏನು ಮಾಡಬೇಕು? ಮೊದಲು ಗಾಲಿ ಎಷ್ಟು ಜಾರುತ್ತಿದೆ ಅಂತ ಅಳೆಯಿರಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ, ನನಗೆ ಬೇಸರವಾಗುವುದು ಅದಕ್ಕೇ. ಬೇಕಾಗಿರುವುದು ಒಂದು ಸುಣ್ಣದ ಗುರುತು ಮತ್ತು ಅಳತೆ ಟೇಪು. ಹಿಂದಿನ ಗಾಲಿಗೆ ಗುರುತು ಹಾಕಿ. ಅದೇ ಹೊಲದಲ್ಲಿ ಖಾಲಿ ಟ್ರ್ಯಾಕ್ಟರ್ ಓಡಿಸಿ, ಗಾಲಿ 10 ಸುತ್ತು ತಿರುಗಿದಾಗ ಎಷ್ಟು ದೂರ ಹೋಯಿತು ಅಳೆಯಿರಿ. ಆಮೇಲೆ ಟ್ರೇಲರ್ ಕಟ್ಟಿ ಮತ್ತೆ 10 ಸುತ್ತು. ಖಾಲಿ ಇದ್ದಾಗ 40 ಮೀಟರ್, ಭಾರ ಎಳೆಯುವಾಗ 34 ಮೀಟರ್ ಬಂತು ಅನ್ನಿ. ವ್ಯತ್ಯಾಸ 6 ಮೀಟರ್, ಅಂದರೆ 15 ಶೇಕಡಾ ಜಾರಿಕೆ. ಹಿಂದಿನ ಎರಡು ಗಾಲಿಗೆ ಮಾತ್ರ ಎಂಜಿನ್ ಬಲ ಹೋಗುವ ಟ್ರ್ಯಾಕ್ಟರ್‌ಗೆ 10ರಿಂದ 15 ಶೇಕಡಾ ಸರಿಯಾದದ್ದೇ. ಸ್ವಲ್ಪವೂ ಜಾರದೆ ಯಾವ ಟ್ರ್ಯಾಕ್ಟರೂ ಎಳೆಯುವುದಿಲ್ಲ. 20 ದಾಟಿದರೆ ಡೀಸೆಲ್ಲೂ ಟೈರೂ ಮಣ್ಣುಪಾಲು.

ಜಾಸ್ತಿ ಬಂದರೆ ಟೈರಿಗೆ ನೀರು ತುಂಬಿಸಿ. ವಾಲ್ವ್ ಮೇಲಕ್ಕೆ ಬರುವ ಹಾಗೆ ಗಾಲಿ ನಿಲ್ಲಿಸಿ, ವಾಲ್ವ್ ಮಟ್ಟದವರೆಗೆ ತುಂಬಿದರೆ ಮುಕ್ಕಾಲು ಭಾಗ ಆಗುತ್ತದೆ. ಉಳಿದದ್ದು ಗಾಳಿ. 13.6-28 ಅಳತೆಯ ಟೈರಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎರಡಕ್ಕೂ ಸೇರಿ ನಾಲ್ಕು ಕ್ವಿಂಟಲ್ ಭಾರ ಸರಿಯಾಗಿ ಗಾಲಿಯ ಮೇಲೇ ಕೂತಿತು, ಅದೂ ಹೆಚ್ಚು ಖರ್ಚಿಲ್ಲದೆ. ಹಾಗಂತ ಎಷ್ಟು ಬೇಕಾದರೂ ಭಾರ ಹೇರಬೇಡಿ. ಹಸಿ ಎರಿ ಮಣ್ಣು ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಕೂಳೆ ಬಿಡುವ (ಕಡಿದ ಬುಡದಿಂದಲೇ ಮತ್ತೆ ಕಬ್ಬು ಬೆಳೆಸುವ) ಹೊಲವಾದರೆ ಪೆಟ್ಟು ಬೀಳುವುದು ಮುಂದಿನ ಬೆಳೆಗೆ.

ಗಾಳಿಯನ್ನೂ ನೋಡಿ. ರಸ್ತೆಗೆ ಅಂತ ಗಟ್ಟಿಯಾಗಿ ತುಂಬಿದ ಟೈರು ಹೊಲದಲ್ಲಿ ನೆಲವನ್ನು ಪೂರ್ತಿ ಮುಟ್ಟುವುದಿಲ್ಲ. ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿ ಹೊಲಕ್ಕೆ ಬೇರೆ, ರಸ್ತೆಗೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಟೈರಿನ ಗುಬ್ಬಿ (ಮೇಲೆ ಉಬ್ಬಿರುವ ರಬ್ಬರ್ ಪಟ್ಟಿ) ಸವೆದು ನುಣ್ಣಗಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಕೇಜ್ ವೀಲಿನ ದುಡ್ಡನ್ನು ಟೈರಿಗೆ ಹಾಕಿ. ಪಂಕ್ಚರ್ ಆದಮೇಲೆ ಟೈರು ತಿರುಗಾಮುರುಗಾ ಕೂತಿರುವುದೂ ಉಂಟು. ಹಿಂದೆ ನಿಂತು ನೋಡಿದರೆ ಗುಬ್ಬಿಗಳ ಬಾಣದ ತುದಿ ಮೇಲಕ್ಕೆ ಇರಬೇಕು. ಉಲ್ಟಾ ಇದ್ದರೆ ಮಣ್ಣು ಹೊರಗೆ ಬೀಳದೆ ಒಳಗೇ ತುಂಬುತ್ತದೆ.

ಒಂದೇ ಗಾಲಿ ತಿರುಗಿ ಇನ್ನೊಂದು ನಿಂತಿದ್ದರೆ ಡಿಫರೆನ್ಶಿಯಲ್ ಲಾಕ್ ಒತ್ತಿ, ಹಿಂದಿನ ಎರಡೂ ಗಾಲಿ ಒಟ್ಟಿಗೆ ತಿರುಗುವ ಹಾಗೆ ಮಾಡುವುದು ಅದೇ. ಆದರೆ ಗಾಲಿ ಜೋರಾಗಿ ತಿರುಗುವಾಗ ಒತ್ತಬೇಡಿ, ನಿಧಾನ ಮಾಡಿಕೊಂಡು ಒತ್ತಿ. ನೇರ ಹೋಗುವಾಗ ಮಾತ್ರ, ತಿರುವಿಗೆ ಮುಂಚೆ ಬಿಟ್ಟುಬಿಡಿ.

ಇದೆಲ್ಲಾ ಮಾಡಿದ ಮೇಲೂ ಸಿಕ್ಕಿಬೀಳುವ ದಿನ ಬರುತ್ತದೆ. ಎರಿ ಮಣ್ಣು ತೀರಾ ಹಸಿಯಾಗಿದ್ದಾಗ ನೀರು, ಗಾಳಿ, ಗುಬ್ಬಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಮುರಿಯದೆ ಸಣ್ಣ ಎಳೆಯಾಗಿ ಉದ್ದಕ್ಕೆ ಬಂದರೆ ಆ ದಿನ ಟ್ರೇಲರನ್ನು ಹೊಲದ ಒಳಗೆ ಇಳಿಸಬೇಡಿ. ದಂಡೆಯಲ್ಲೇ ನಿಲ್ಲಿಸಿ, ಕಬ್ಬನ್ನು ಹೊತ್ತು ತರಿಸಿ. ಕಡಿಯುವ ಗ್ಯಾಂಗಿನವರು ಕೂಲಿ ಹೆಚ್ಚು ಕೇಳುತ್ತಾರೆ. ಕೇಳಲಿ, ಅದು ಬಹಳ ಕಷ್ಟದ ಕೆಲಸ, ಕೊಡಿ.

ಸಿಕ್ಕಿಬಿದ್ದದ್ದನ್ನು ಇನ್ನೊಂದು ಟ್ರ್ಯಾಕ್ಟರ್‌ನಿಂದ ಎಳೆಯುವಾಗ ಸರಪಳಿಯನ್ನು ಕೆಳಗಿನ ಹುಕ್ಕಿಗೇ ಕಟ್ಟಿ. ಟಾಪ್ ಲಿಂಕಿಗೋ (ಹಿಂದೆ ಉಪಕರಣ ಕಟ್ಟುವ ಮೇಲಿನ ತೋಳು) ಆಕ್ಸಲ್ ಮೇಲಕ್ಕೋ ಕಟ್ಟಿ ಜಗ್ಗಿದರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಕ್ಲಚ್ ತುಳಿಯುವಷ್ಟೂ ಹೊತ್ತು ಸಿಗುವುದಿಲ್ಲ. ಜಗ್ಗುವಾಗ ಸರಪಳಿಯ ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ಗಾಲಿ ಕೆಳಗೆ ಕಲ್ಲು, ಹಲಗೆ ಕೊಟ್ಟಿದ್ದರೆ ಗಾಲಿಯ ಹಿಂದೆಯೂ ಯಾರೂ ಇರಬಾರದು, ಅದು ಸಿಡಿದು ಬರುತ್ತದೆ.

ಮುಂದೆ ಭತ್ತದ ಸೀಮೆಗೆ ಬಾಡಿಗೆಗೆ ಹೋಗುವ ಯೋಚನೆ ಇದ್ದರೆ ಆಗ ಕೇಜ್ ವೀಲ್ ಕೊಳ್ಳಿ. ಟೈರಿನ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸುವ ಅರ್ಧ ಕೇಜ್ ಸಾಕು. ಅದನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋಗಿ, ಗದ್ದೆಯ ಬದುವಿನಲ್ಲಿ ಹಾಕಿಕೊಳ್ಳಿ.