ರಸ್ತೆ ಬಿಟ್ಟು ತೋಟಕ್ಕೆ ಇಳಿಯುವುದು ಎಲ್ಲಿ?

ಗೋಣಿಕೊಪ್ಪದ ಕಡೆ ಎಲ್ಲೋ ಬಸ್ಸಿಳಿದಿದ್ದೀರಿ ಅಂದುಕೊಳ್ಳಿ. ಹೋಗಬೇಕಾದ ಮನೆ ರಸ್ತೆಗುಂಟ 400 ಮೀಟರ್ ಮುಂದೆ, ಅಲ್ಲಿಂದ ಒಳಗೆ 300 ಮೀಟರ್. ನಡುವೆ ಪೂರ್ತಿ ಕಾಫಿ ತೋಟ. ರಸ್ತೆಯಲ್ಲಿ ಗಂಟೆಗೆ 5 ಕಿ.ಮೀ. ನಡೆಯಬಹುದು. ಗಿಡ ಸರಿಸಿಕೊಂಡು, ಕಪಾತು ಮಾಡಿ ಬಿಟ್ಟ ರೆಂಬೆ ದಾಟಿಕೊಂಡು ತೋಟದಲ್ಲಿ 3 ಕಿ.ಮೀ. ಅಷ್ಟೇ. (ಮಾಲೀಕರು ಬೈಯುವುದಿಲ್ಲ ಅಂತಲೂ ಅಂದುಕೊಳ್ಳೋಣ.)

ಇಳಿದಲ್ಲಿಂದಲೇ ತೋಟಕ್ಕೆ ನುಗ್ಗಿದರೆ 500 ಮೀಟರ್, 10 ನಿಮಿಷ. ಮನೆಯ ನೇರಕ್ಕೆ ಬರುವ ತನಕ ರಸ್ತೆಯಲ್ಲೇ ಹೋಗಿ ತಿರುಗಿದರೆ 10.8 ನಿಮಿಷ. ಎಲ್ಲಕ್ಕಿಂತ ಬೇಗ ತಲುಪಬೇಕೆಂದರೆ 175 ಮೀಟರ್ ರಸ್ತೆಯಲ್ಲಿ ನಡೆದು, ಆಮೇಲೆ ಓರೆಯಾಗಿ ತೋಟದಲ್ಲಿ 375 ಮೀಟರ್ ಹೋಗಬೇಕು. 9.6 ನಿಮಿಷ ಸಾಕು. ಮಳೆಗಾಲದಲ್ಲಿ ಜಿಗಣೆ ಕೀಳುತ್ತಾ ತೋಟದ ವೇಗ 2.5ಕ್ಕೆ ಇಳಿದರೆ, ರಸ್ತೆ ಬಿಡುವ ಜಾಗ ಸುಮಾರು 227 ಮೀಟರ್‌ಗೆ ಸರಿಯುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದೂ ಬೇಗ ತಲುಪುವ ಇದೇ ಲೆಕ್ಕದಲ್ಲಿ. ಗಣಿತಜ್ಞ ಫರ್ಮಾ ಅದನ್ನು 1662ರಲ್ಲಿ ತೋರಿಸಿದ.

ಇಲ್ಲಿ ನಮಗೆ ಗೊತ್ತಿಲ್ಲದ್ದು ಒಂದೇ ಒಂದು ಸಂಖ್ಯೆ: ಎಷ್ಟು ಮೀಟರ್ ನಡೆದು ರಸ್ತೆ ಬಿಡಬೇಕು ಅನ್ನುವುದು. ಶಾಲೆಯ ಬೀಜಗಣಿತದ ಎಕ್ಸ್ ಇದ್ದ ಹಾಗೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. 175ರ ಬದಲು 150ಕ್ಕೋ 200ಕ್ಕೋ ರಸ್ತೆ ಬಿಟ್ಟರೆ ಎಷ್ಟು ತಡವಾಗುತ್ತೆ? ಒಂದು ಸೆಕೆಂಡೂ ಇಲ್ಲ! ಯಾಕೆಂದರೆ ಆ ಸರಿಯಾದ ಜಾಗದಲ್ಲಿ, ರಸ್ತೆಯಲ್ಲಿ ಒಂದು ಹೆಜ್ಜೆ ಜಾಸ್ತಿ ಇಟ್ಟರೆ ಹಿಡಿಯುವ ಹೊತ್ತೂ ತೋಟದಲ್ಲಿ ಉಳಿಯುವ ಹೊತ್ತೂ ಹೆಚ್ಚುಕಡಿಮೆ ಸರಿಸಮ. ಹಾಗಾಗಿ ಅಂದಾಜು ತೀರಾ ತಪ್ಪದಿದ್ದರೆ, ಅಂದಾಜಿನ ಮೇಲೆ ಅಡ್ಡದಾರಿ ಹಿಡಿಯುವವರು ಲೆಕ್ಕ ಹಾಕಿದವರಿಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಈಗ ತೋಟದ ಆಚೆ ಗದ್ದೆ, ಗದ್ದೆಯ ಆಚೆ ಬಾಣೆ (ಹುಲ್ಲು, ಮರಗಳ ದಿಬ್ಬದ ಜಾಗ) ಇದೆ ಅನ್ನಿ. ಒಂದೊಂದು ಕಡೆ ಒಂದೊಂದು ವೇಗ. ಪ್ರತಿ ಗಡಿಯನ್ನು ಎಲ್ಲಿ ದಾಟಬೇಕು ಅನ್ನುವುದು ಒಂದೊಂದು ಎಕ್ಸ್. ಗಡಿ ಹತ್ತಾದರೆ ಹತ್ತು ಸಮೀಕರಣ. ಬೆಟ್ಟದ ಇಳಿಜಾರಿನ ಹಾಗೆ ಹೆಜ್ಜೆ ಹೆಜ್ಜೆಗೂ ವೇಗ ಬದಲಾದರೆ? ಆಗ ಹುಡುಕಬೇಕಾದ್ದು ಸಂಖ್ಯೆಯನ್ನಲ್ಲ, ಇಡೀ ದಾರಿಯನ್ನೇ. ಕ್ಯಾಲ್ಕುಲಸ್ ಆಫ್ ವೇರಿಯೇಶನ್ಸ್ ಅನ್ನುವ ಗಣಿತ ಶುರುವಾಗುವುದು ಇಲ್ಲಿಂದ.

1744ರಲ್ಲಿ ಗಣಿತಜ್ಞ ಆಯ್ಲರ್ ಬಾಗಿದ ದಾರಿಯನ್ನು ಸಣ್ಣ ಸಣ್ಣ ನೇರ ತುಂಡು ಮಾಡಿ, ಒಂದು ಮೂಲೆಯನ್ನು ಮಾತ್ರ ಕದಲಿಸಿ ನೋಡಿದ್ದ. ಸರಿಯಾದ ವಿಧಾನವೇ, ಆದರೆ ಕೈ ನೋಯುವಷ್ಟು ಲೆಕ್ಕ. 1755ರಲ್ಲಿ ಇಟಲಿಯ ಟ್ಯೂರಿನ್‌ನಿಂದ 19 ವರ್ಷದ ಲಗ್ರಾಂಜ್ ಅವನಿಗೊಂದು ಪತ್ರ ಬರೆದ. ತುಂಡು ಮಾಡುವುದೇ ಬೇಡ, ಇಡೀ ದಾರಿಯನ್ನು ಒಟ್ಟಿಗೆ ಚೂರು ಅಲುಗಿಸೋಣ ಅಂದ. ಅದು ನಿಜಕ್ಕೂ ಎಲ್ಲಕ್ಕಿಂತ ಬೇಗದ ದಾರಿಯಾಗಿದ್ದರೆ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರಬೇಕಲ್ವಾ? ನಮ್ಮ 150, 200ರ ಕಥೆಯೇ ಇದು. ಆಯ್ಲರ್ ತನ್ನ ವಿಧಾನವನ್ನು ಬದಿಗಿಟ್ಟು ಹುಡುಗನದ್ದನ್ನೇ ಒಪ್ಪಿಕೊಂಡ. ಈ ವಿದ್ಯೆಗೆ ಹೆಸರಿಟ್ಟವನೂ ಆಯ್ಲರನೇ.

ತಮಾಷೆಯೆಂದರೆ, ಇಂಥ ದಾರಿ ಹುಡುಕಲು ಕಂಪ್ಯೂಟರ್‌ಗೆ ಕೊಟ್ಟರೆ ಅದು ಎಷ್ಟೋ ಸಲ ಆಯ್ಲರ್‌ನ ಹಳೇ ವಿಧಾನವನ್ನೇ ಹಿಡಿಯುತ್ತದೆ. ದಾರಿಯನ್ನು ನೂರು ತುಂಡು ಮಾಡುತ್ತದೆ, 99 ಮೂಲೆಗೆ 99 ಎಕ್ಸ್ ಇಟ್ಟುಕೊಂಡು 99 ಸಮೀಕರಣ ಬಿಡಿಸುತ್ತದೆ. ಅದಕ್ಕೆ ಕೈ ನೋವಿಲ್ಲ.